ಯೀಸ್ಟಿನ ಎಣ್ಣೆ, ನ್ಯಾನೋಕಣ ಮತ್ತು ಐದನೆಯ ಬಳಕೆ

ಪುಣೆಯ ಪಾಷಾಣ್ ಭಾಗದಲ್ಲಿರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದೊಳಗೆ ಕೈಗಾರಿಕೆಗೆ ಒದಗುವ ಸೂಕ್ಷ್ಮಜೀವಿಗಳ ದೊಡ್ಡ ಸಂಗ್ರಹವೊಂದಿದೆ. ಈ ಕ್ಷೇತ್ರದವರೆಲ್ಲ ಎನ್‌ಸಿಐಎಂ ಎಂದು ಕರೆಯುವ ಆ ಸಂಗ್ರಹದಲ್ಲಿ 3589ನೆಯ ಸಂಖ್ಯೆಯ ಯೀಸ್ಟ್ ತಳಿಯ ಹೆಸರು ಯಾರೋವಿಯಾ ಲಿಪೊಲಿಟಿಕಾ. ಮುಂಬೈ ಬಳಿಯ ಎಣ್ಣೆ ಬೆರೆತ ಕಡಲನೀರಿನಿಂದ ಅದನ್ನು ಬೇರ್ಪಡಿಸಲಾಗಿತ್ತು. ಪುಣೆ ವಿಶ್ವವಿದ್ಯಾಲಯದ ಸಂಶೋಧಕರು ಆ ತಳಿಯ ಮೇಲೆ ಬಹುಕಾಲ ಕೆಲಸ ಮಾಡಿದರು. ಕರಿದು ಉಳಿದ ಅಡುಗೆ ಎಣ್ಣೆಯನ್ನು ಅದಕ್ಕೆ ಆಹಾರವಾಗಿ ಕೊಟ್ಟು, ಅದರ ಮೈಯಲ್ಲಿ ತುಂಬಿಕೊಂಡ ಕೊಬ್ಬಿನಿಂದ ಬಯೋಡೀಸೆಲ್ ತಯಾರಿಸಬಹುದೆಂದು ತೋರಿಸಿದರು. ಕೊಳೆಯಾದ ಕಡಲಿನಲ್ಲಿ ಎಣ್ಣೆಯನ್ನೇ ತಿಂದು ಬದುಕಲು ಕಲಿತ ಜೀವಿಯೊಂದು ನಮ್ಮ ಲಾರಿ, ಬಸ್ಸುಗಳಿಗೆ ಇಂಧನ ಒದಗಿಸಬಲ್ಲದು ಎಂಬ ವಿಚಾರ ನನ್ನನ್ನು ಮೊದಲ ಸಲ ಓದಿದಾಗಲೇ ಹಿಡಿದಿತ್ತು, ಈಗಲೂ ಬಿಟ್ಟಿಲ್ಲ.

ನಾನು ಪುಣೆಯಲ್ಲಿ ಘನ ವೇಗವರ್ಧಕಗಳ ಮೇಲೆ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಘನವಸ್ತುಗಳ ಮೇಲೆ, ಕೆಲಸ ಮಾಡುವವನು. ಇಲ್ಲಿನ ಕನ್ನಡಿಗ ಗೆಳೆಯರು ಸೇರಿದಾಗ ಈ ವಿಷಯವನ್ನು ಕನ್ನಡದಲ್ಲಿ ವಿವರಿಸಬೇಕಾಗಿ ಬಂದದ್ದುಂಟು. ಒಮ್ಮೆ ಪೂರ್ತಿಯಾಗಿ ಬರೆದಿಡುವುದು ಒಳ್ಳೆಯದೆನಿಸಿತು. ಯೀಸ್ಟಿನ ಎಣ್ಣೆಯನ್ನು ನ್ಯಾನೋಕಣಗಳ, ಅಂದರೆ ಅತಿ ಸೂಕ್ಷ್ಮವಾದ ವೇಗವರ್ಧಕ ಕಣಗಳ, ನೆರವಿನಿಂದ ಬಯೋಡೀಸೆಲ್ ಮಾಡುವ ಬಗ್ಗೆ ಬರುವ ಪ್ರಬಂಧಗಳಲ್ಲಿ, ಹೊಸದಾಗಿ ತಯಾರಿಸಿದ ಕಣಗಳು ಮೊದಲ ಬಳಕೆಯಲ್ಲಿಯೇ ನೂರಕ್ಕೆ 95ಕ್ಕೂ ಹೆಚ್ಚು ಎಣ್ಣೆಯನ್ನು ಪರಿವರ್ತಿಸಿದವೆಂಬುದು ಸಾಮಾನ್ಯವಾಗಿ ಮುಖ್ಯ ಸುದ್ದಿಯಾಗಿರುತ್ತದೆ. ಒಣಗಿದ, ಶುದ್ಧವಾದ ಎಣ್ಣೆ ಸಿಕ್ಕರೆ ಎರಡು ಕಾಸಿನ ಕಾಸ್ಟಿಕ್ ಸೋಡಾ ಕೂಡ ಅಷ್ಟು ಕೆಲಸ ಮಾಡುತ್ತದೆ. ಆದುದರಿಂದ, ಮರಳಿ ತೆಗೆದು ಮತ್ತೆ ಮತ್ತೆ ಬಳಸಬೇಕಾದ ಇಂಥ ಕಣಗಳನ್ನು ಅಳೆಯಬೇಕಾದದ್ದು ಐದನೆಯ ಬಳಕೆಯಲ್ಲಿ, ಅದೂ ಸ್ವಲ್ಪ ನೀರು ಮತ್ತು ಹುಳಿ ಉಳಿದ ನಿಜವಾದ ಯೀಸ್ಟ್ ಎಣ್ಣೆಯ ಮುಂದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗೇಕೆಂದು ಹೇಳಲು ಯೀಸ್ಟಿನಿಂದಲೇ ಆರಂಭಿಸಬೇಕು.

ಬ್ರೆಡ್ಡಿನ ಸಂಬಂಧದಲ್ಲಿ ನಾವು ಕೇಳುವ ಸಾಮಾನ್ಯ ಯೀಸ್ಟ್ ಜೀವಕೋಶದಲ್ಲಿ ಕೊಬ್ಬು ಬಹಳ ಕಡಿಮೆ. ಒಣತೂಕದ ನೂರಕ್ಕೆ 20ಕ್ಕಿಂತ ಹೆಚ್ಚು ಕೊಬ್ಬನ್ನು ಕೂಡಿಡುವ ಯೀಸ್ಟುಗಳನ್ನು ಮಾತ್ರ ಎಣ್ಣೆಯ ಯೀಸ್ಟುಗಳೆಂದು ಗುರುತಿಸುತ್ತಾರೆ. ಯಾರೋವಿಯಾ, ರೋಡೋಟೊರುಲಾ, ಲಿಪೊಮೈಸಿಸ್ ಮುಂತಾದವು ಈ ಗುಂಪಿನವು. ಅನುಕೂಲವಾದ ಸ್ಥಿತಿಯಲ್ಲಿ ಇವುಗಳಲ್ಲಿ ಕೆಲವು ಒಣತೂಕದ ನೂರಕ್ಕೆ 60ನ್ನೂ ಮೀರಿ ಕೊಬ್ಬು ತುಂಬಿಕೊಳ್ಳುತ್ತವೆ. ಆ ಕೊಬ್ಬಿನ ಬಹುಪಾಲು ಟ್ರೈಗ್ಲಿಸರೈಡ್, ಅಂದರೆ ನಾವು ಅಡುಗೆಗೆ ಬಳಸುವ ಎಣ್ಣೆಯ ಜಾತಿಯದೇ. ಓಲಿಯಿಕ್ ಮತ್ತು ಪಾಮಿಟಿಕ್ ಆಮ್ಲಗಳು ಹೆಚ್ಚಾಗಿರುವುದರಿಂದ ಗುಣದಲ್ಲಿ ತಾಳೆ ಎಣ್ಣೆಯ ಹತ್ತಿರಕ್ಕೆ ಬರುತ್ತದೆ.

ಯೀಸ್ಟಿಗೆ ಕೊಬ್ಬು ಬರಿಸುವ ವಿಧಾನ ಬಹಳ ಸುಂದರವಾದದ್ದು. ಸಕ್ಕರೆಯನ್ನು ಧಾರಾಳವಾಗಿ ಇಟ್ಟು, ಸಾರಜನಕವನ್ನು ಅಳೆದು ಕೊಡಬೇಕು. ಸಾರಜನಕ ಮುಗಿದೊಡನೆ ಹೊಸ ಪ್ರೋಟೀನು ಕಟ್ಟಲಾಗದೆ ಜೀವಕೋಶದ ವಿಭಜನೆ ನಿಲ್ಲುತ್ತದೆ. ಆದರೆ ಸಕ್ಕರೆ ಒಳಗೆ ಬರುತ್ತಲೇ ಇರುತ್ತದೆ. ಉಳಿದ ಸಾರಜನಕವನ್ನು ಹೆಕ್ಕಿಕೊಳ್ಳಲು ಜೀವಕೋಶವು ತನ್ನಲ್ಲಿರುವ ಎಎಂಪಿ ಎಂಬ ಅಣುವನ್ನು ಒಡೆಯುತ್ತದೆ. ಮೈಟೋಕಾಂಡ್ರಿಯದೊಳಗಿನ ಐಸೊಸಿಟ್ರೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವಕ್ಕೆ ಈ ಯೀಸ್ಟುಗಳಲ್ಲಿ ಎಎಂಪಿ ಇಲ್ಲದೆ ನಡೆಯದು. ಕಿಣ್ವ ನಿಂತರೆ ಸಿಟ್ರೇಟ್ ರಾಶಿ ಬೀಳುತ್ತದೆ, ಹೊರಗಿನ ಜೀವರಸಕ್ಕೆ ಹರಿಯುತ್ತದೆ, ಅಲ್ಲಿ ಇನ್ನೊಂದು ಕಿಣ್ವವು ಅದನ್ನು ಸೀಳಿ ಅಸಿಟೈಲ್ ಕೋಎ ಮಾಡುತ್ತದೆ. ಕೊಬ್ಬಿನಾಮ್ಲದ ಸರಪಳಿಗೆ ಬೇಕಾದ ಕಚ್ಚಾವಸ್ತು ಅದೇ. ಸಿಟ್ರೇಟನ್ನು ಸೀಳುವ ಆ ಕಿಣ್ವ ಬ್ರೆಡ್ಡಿನ ಯೀಸ್ಟಿನಲ್ಲಿ ಇಲ್ಲ; ಎಷ್ಟು ಸಕ್ಕರೆ ಕೊಟ್ಟರೂ ಅದು ಕೊಬ್ಬದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಬ್ರಿಟನ್ನಿನ ಕಾಲಿನ್ ರಾಟ್ಲೆಜ್ ಈ ಸರಣಿಯನ್ನು ಬಿಡಿಸಿ ತೋರಿಸಿದವರಲ್ಲಿ ಪ್ರಮುಖರು.

ಇದನ್ನು ಕಣ್ಣಾರೆ ಕಾಣಬಹುದು. ಸಾರಜನಕ ಮುಗಿದು ಎರಡು ಮೂರು ದಿನ ಕಳೆದ ರೋಡೋಟೊರುಲಾ ಯೀಸ್ಟಿನ ಒಂದು ಹನಿಗೆ ನೈಲ್ ರೆಡ್ ಬಣ್ಣವನ್ನು ಬೆರೆಸಿ, ನೀಲಿ ಬೆಳಕಿನ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ, ಪ್ರತಿಯೊಂದು ಕೋಶದೊಳಗೂ ಹೊನ್ನಿನ ಹಳದಿಯ ಒಂದೆರಡು ಗುಂಡುಗಳು ಹೊಳೆಯುತ್ತವೆ. ಚೆನ್ನಾಗಿ ಕೊಬ್ಬಿದ ಕೋಶದಲ್ಲಿ ಗುಂಡು ಎಷ್ಟು ದೊಡ್ಡದಾಗಿರುತ್ತದೆಂದರೆ ಉಳಿದ ಜೀವರಸವೆಲ್ಲ ಗೋಡೆಗೆ ಒತ್ತಿಕೊಂಡು ತೆಳುವಾದ ಅಂಚಿನಂತೆ ಕಾಣುತ್ತದೆ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತೆಗೆದ ಯೀಸ್ಟಿನ ಮುದ್ದೆ ಹವಳದ ಬಣ್ಣದ್ದು. ಆ ಬಣ್ಣ ಕ್ಯಾರೊಟಿನಾಯ್ಡುಗಳದು; ಎಣ್ಣೆ ತೆಗೆಯುವಾಗ ಅವೂ ಕರಗಿ ಬರುವುದರಿಂದ ಕೈಗೆ ಸಿಗುವ ಎಣ್ಣೆ ಕಿತ್ತಳೆಯ ಬಣ್ಣಕ್ಕೆ ತಿರುಗಿರುತ್ತದೆ.

ಸೂಕ್ಷ್ಮಜೀವಿಯಿಂದ ಕೊಬ್ಬು ಪಡೆಯುವ ಯೋಚನೆ ಹೊಸದಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕೊಬ್ಬಿನ ಅಭಾವ ತಲೆದೋರಿದಾಗ ಜರ್ಮನಿಯ ಪೌಲ್ ಲಿಂಡ್ನರ್ ಯೀಸ್ಟಿನಂಥ ಶಿಲೀಂಧ್ರವೊಂದರಿಂದ ಕೊಬ್ಬು ತೆಗೆಯಲು ಪ್ರಯತ್ನಿಸಿದ್ದರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಎಂಜಿನ್ನೊಂದು ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ಎಣ್ಣೆಯನ್ನು ಎಸ್ಟರ್ ಆಗಿ ಬದಲಿಸಿ ಇಂಧನ ಮಾಡುವ ವಿಧಾನಕ್ಕೆ ಬೆಲ್ಜಿಯಂನಲ್ಲಿ 1937ರಲ್ಲಿ ಪೇಟೆಂಟ್ ದೊರೆಯಿತು. ನಮ್ಮ ಕಡೆಯವರಿಗೆ ಬಯೋಡೀಸೆಲ್ ಎಂದೊಡನೆ ಹೊಂಗೆಯ ನೆನಪಾಗುತ್ತದೆ; ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನವನ್ನು ನೋಡಿದವರೂ ಇರಬಹುದು. ಹೊಂಗೆಯ ಮೇಲೆ ನನಗೆ ಗೌರವವಿದೆ. ಆದರೆ ಗಿಡ ನೆಟ್ಟು ಕಾಯಿ ಬಿಡಲು ವರ್ಷಗಳು ಬೇಕು, ಬೀಜ ಆಯುವುದಕ್ಕೆ ಒಂದು ಕಾಲವೇ ಇದೆ. 2003ರ ಸುಮಾರಿಗೆ ದೇಶವೆಲ್ಲ ಜಟ್ರೋಫಾ ನೆಡಲು ಹೊರಟಾಗ ನಿರೀಕ್ಷಿಸಿದಷ್ಟು ಬೀಜ ಬರಲಿಲ್ಲ. ಯೀಸ್ಟು ತೊಟ್ಟಿಯಲ್ಲಿ ಬೆಳೆಯುತ್ತದೆ, ಐದಾರು ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ, ಮಳೆ ಬಿಸಿಲುಗಳನ್ನು ಕಾಯುವುದಿಲ್ಲ, ಹೊಲವನ್ನೂ ಕೇಳುವುದಿಲ್ಲ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು 2030ರ ವೇಳೆಗೆ ಡೀಸೆಲ್ಲಿನಲ್ಲಿ ನೂರಕ್ಕೆ 5ರಷ್ಟು ಬಯೋಡೀಸೆಲ್ ಬೆರೆಸುವ ಗುರಿ ಇಟ್ಟುಕೊಂಡಿದೆ. ಆ ಪ್ರಮಾಣಕ್ಕೆ ಒಂದೇ ಮೂಲ ಸಾಕಾಗುವುದಿಲ್ಲ.

ಇಷ್ಟೆಲ್ಲ ಇದ್ದೂ ಯೀಸ್ಟಿನ ಡೀಸೆಲ್ ಪಂಪಿಗೆ ಬಂದಿಲ್ಲವೇಕೆ ಎಂದರೆ, ಮೊದಲ ಉತ್ತರ ಅದರ ಊಟದ ಖರ್ಚು. ಗ್ಲೂಕೋಸಿನಿಂದ ಕೊಬ್ಬು ಕಟ್ಟುವ ರಸಾಯನದ ಲೆಕ್ಕ ಹಾಕಿದರೆ, ಒಂದು ಗ್ರಾಂ ಸಕ್ಕರೆಗೆ ಹೆಚ್ಚೆಂದರೆ 0.32 ಗ್ರಾಂ ಕೊಬ್ಬು ಸಿಗಬೇಕು. ಕೋಶವೂ ಬದುಕಿ ಉಸಿರಾಡಬೇಕಾದುದರಿಂದ ವಾಸ್ತವದಲ್ಲಿ 0.2 ಸಿಕ್ಕರೆ ಒಳ್ಳೆಯ ಫಲವೆಂದೇ ಎಣಿಸುತ್ತೇವೆ. ಒಂದು ಕಿಲೋ ಎಣ್ಣೆಗೆ 5 ಕಿಲೋ ಸಕ್ಕರೆ ಎಂದಾಯಿತು. ಸಕ್ಕರೆಗೆ ಕಿಲೋಗೆ 40 ರೂಪಾಯಿ ಎಂದು ಹಿಡಿದರೆ ಕಚ್ಚಾವಸ್ತುವೇ 200 ರೂಪಾಯಿ. ಅದರ ಮೇಲೆ ತೊಟ್ಟಿಗೆ ಹಗಲಿರುಳು ಗಾಳಿ ಊದುವ ವಿದ್ಯುತ್ತಿನ ಖರ್ಚು ಬೇರೆ. ಆದುದರಿಂದ ತಿನ್ನುವ ಸಕ್ಕರೆಯನ್ನು ಈ ಕೆಲಸಕ್ಕೆ ಹಚ್ಚುವ ಮಾತೇ ಬೇಡ. ಪಶ್ಚಿಮ ಮಹಾರಾಷ್ಟ್ರದ ಕಬ್ಬಿನ ಸೀಮೆಯಲ್ಲಿ, ಅದರ ಗಡಿಗೆ ಅಂಟಿದ ನಮ್ಮ ಬೆಳಗಾವಿ ಜಿಲ್ಲೆಯಲ್ಲಿ, ರಸ ಹಿಂಡಿದ ಕಬ್ಬಿನ ಸಿಪ್ಪೆಗೆ ಕೊರತೆಯಿಲ್ಲ. ಅದನ್ನು ಆಮ್ಲದಿಂದಲೋ ಕಿಣ್ವದಿಂದಲೋ ಒಡೆದಾಗ ಗ್ಲೂಕೋಸಿನ ಜೊತೆಗೆ ಕ್ಸೈಲೋಸ್ ಎಂಬ ಐದು ಇಂಗಾಲದ ಸಕ್ಕರೆಯೂ ಬರುತ್ತದೆ. ಮದ್ಯಸಾರ ಮಾಡುವ ಸಾಮಾನ್ಯ ಯೀಸ್ಟ್ ಕ್ಸೈಲೋಸನ್ನು ಮುಟ್ಟುವುದಿಲ್ಲ. ಲಿಪೊಮೈಸಿಸ್ ಮತ್ತು ರೋಡೋಟೊರುಲಾ ಮುಟ್ಟುತ್ತವೆ. ಸಿಪ್ಪೆ ಬೇಯುವಾಗ ಹುಟ್ಟುವ ಫರ್ಫ್ಯೂರಲ್ ಎಂಬ ಸಂಯುಕ್ತ ಮತ್ತು ಅಸಿಟಿಕ್ ಆಮ್ಲ ಯೀಸ್ಟಿನ ಬೆಳವಣಿಗೆಗೆ ಅಡ್ಡ ಬರುತ್ತವೆ ಎಂಬುದೊಂದು ತೊಡಕು, ಆದರೆ ಅದು ದಾಟಲಾಗದ ತೊಡಕಲ್ಲ.

ಕರಿದ ಎಣ್ಣೆಯ ಪ್ರಶ್ನೆ ಬೇರೆ ಬಗೆಯದು. ಮುಂಬೈಯ ಮಾಟುಂಗದಲ್ಲಿ ಬಹುಕಾಲದಿಂದ ಹೋಟೆಲ್ ನಡೆಸುತ್ತಿರುವ ಕರಾವಳಿಯ ಹಿರಿಯರೊಬ್ಬರು, ನಾನು ಮುಂಬೈ ಕಡಲಿನ ಯೀಸ್ಟಿನ ಬಗ್ಗೆ ಹೇಳುತ್ತಿದ್ದಾಗ ನಡುವೆಯೇ ತಡೆದು ಕೇಳಿದರು: “ಅಲ್ಲ ಮಾರಾಯ್ರೇ, ಎಣ್ಣೆ ಕೈಯಲ್ಲೇ ಉಂಟಲ್ಲ. ಅದನ್ನು ಯೀಸ್ಟಿಗೆ ತಿನ್ನಿಸಿ ಮತ್ತೆ ಎಣ್ಣೆಯನ್ನೇ ತೆಗೆಯುವುದು ಯಾಕೆ? ನೇರವಾಗಿ ಡೀಸೆಲ್ ಮಾಡಿದರೆ ಆಗುವುದಿಲ್ಲವಾ?”

“ಆಗುತ್ತದೆ ಶೆಟ್ರೇ, ಹಾಗೆ ಮಾಡುವುದೇ ಸರಿ” ಎಂದೆ. ಈಗಲೂ ಅದೇ ಹೇಳುತ್ತೇನೆ. ತಿಂದ ಎಣ್ಣೆಯಲ್ಲಿ ಒಂದು ಪಾಲನ್ನು ಯೀಸ್ಟು ತನ್ನ ಉಸಿರಿಗೇ ಸುಟ್ಟುಕೊಳ್ಳುತ್ತದೆ, ಆ ನಷ್ಟವನ್ನು ಏಕೆ ಹೊರಬೇಕು? ಕರಿದ ಎಣ್ಣೆಯಲ್ಲಿ, ಅದು ಕಾದು ಕೆಟ್ಟಾಗ ಹುಟ್ಟುವ ಪೋಲಾರ್ ಸಂಯುಕ್ತಗಳು ನೂರಕ್ಕೆ 25ನ್ನು ದಾಟಿದರೆ ಅದನ್ನು ಅಡುಗೆಗೆ ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2018ರಿಂದ ನಿಯಮ ಮಾಡಿದೆ. ಅಂಥ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡುವ ಏರ್ಪಾಡನ್ನೂ ಆರಂಭಿಸಿದೆ. ಹೋಟೆಲುಗಳ ಎಣ್ಣೆ ಆ ದಾರಿಯಲ್ಲಿ ಹೋಗಲಿ. ಚರಂಡಿ ಕೊಳವೆಯ ಜಿಡ್ಡುಬಲೆಯಲ್ಲಿ ಸಿಕ್ಕಿದ, ನೀರು ಮತ್ತು ಎಂಜಲು ಬೆರೆತ, ನೇರವಾಗಿ ಯಾವ ರಾಸಾಯನಿಕ ಕ್ರಿಯೆಗೂ ಒಗ್ಗದ ಜಿಡ್ಡು ಇದೆಯಲ್ಲ, ಅಲ್ಲಿ ಯಾರೋವಿಯಾದ ಉಪಯೋಗ ನಿಜವಾಗಿಯೂ ಇದೆ. ಅದು ಲೈಪೇಸ್ ಕಿಣ್ವವನ್ನು ಹೊರಗೆ ಸುರಿಸಿ, ಕೆಟ್ಟ ಎಣ್ಣೆಯನ್ನು ಆಮ್ಲಗಳಾಗಿ ಒಡೆದು, ಒಳಗೆ ಎಳೆದುಕೊಂಡು ಮತ್ತೆ ಟ್ರೈಗ್ಲಿಸರೈಡ್ ಕಟ್ಟಿಕೊಳ್ಳುತ್ತದೆ.

ಊಟದ ಖರ್ಚಿನ ಬಗ್ಗೆಯಾದರೂ ಎಲ್ಲರೂ ಮಾತನಾಡುತ್ತಾರೆ; ನೀರಿನ ವಿಷಯವನ್ನು ಅಷ್ಟಾಗಿ ಎತ್ತುವುದಿಲ್ಲ. ಸೆಂಟ್ರಿಫ್ಯೂಜಿನಿಂದ ಬಂದ ಯೀಸ್ಟಿನ ಮುದ್ದೆಯಲ್ಲಿ ನೂರಕ್ಕೆ 80ರಷ್ಟು ನೀರೇ ಇದೆ ಎಂದುಕೊಳ್ಳಿ. ಒಣತೂಕದ ಅರ್ಧ ಕೊಬ್ಬೆಂದು ಹಿಡಿದರೆ, ಒಂದು ಕಿಲೋ ಎಣ್ಣೆಗಾಗಿ 2 ಕಿಲೋ ಒಣ ಯೀಸ್ಟ್ ಬೇಕು, ಅದರೊಡನೆ 8 ಕಿಲೋ ನೀರು ಅಂಟಿಕೊಂಡೇ ಬರುತ್ತದೆ. ಒಂದು ಕಿಲೋ ನೀರನ್ನು ಆವಿ ಮಾಡಲು 2.26 ಮೆಗಾಜೂಲ್ ಶಾಖ ಬೇಕು. 8 ಕಿಲೋಗೆ 18 ಮೆಗಾಜೂಲ್. ಒಂದು ಕಿಲೋ ಬಯೋಡೀಸೆಲ್ ಸುಟ್ಟರೆ ಬರುವ ಶಕ್ತಿ ಸುಮಾರು 37 ಮೆಗಾಜೂಲ್. ನೀರನ್ನು ಕುದಿಯುವವರೆಗೆ ಕಾಯಿಸುವ ಶಾಖವನ್ನು ಬಿಟ್ಟು ಲೆಕ್ಕ ಹಾಕಿದರೂ, ಇಂಧನದ ಅರ್ಧ ಶಕ್ತಿ ಒಣಗಿಸುವುದರಲ್ಲೇ ಹೋಯಿತು! ಪ್ರಯೋಗಾಲಯದಲ್ಲಿ ನಾವು ಯೀಸ್ಟನ್ನು ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸಿ, ಕ್ಲೋರೋಫಾರ್ಮ್ ಮತ್ತು ಮೆಥನಾಲ್ ಬೆರೆಸಿ ಎಣ್ಣೆ ಎಳೆಯುತ್ತೇವೆ. ಅಳತೆಗೆ ಅದು ಸರಿ. ಕಾರ್ಖಾನೆಗೆ ಅದು ದಾರಿಯಲ್ಲ. ಒದ್ದೆ ಯೀಸ್ಟಿನಿಂದಲೇ ಎಣ್ಣೆ ತೆಗೆಯಬೇಕು, ಹಾಗೆ ತೆಗೆದ ಎಣ್ಣೆಯಲ್ಲಿ ಸ್ವಲ್ಪ ನೀರು ಉಳಿದೇ ಉಳಿಯುತ್ತದೆ, ಆ ನೀರನ್ನು ತಾಳಿಕೊಳ್ಳುವ ವೇಗವರ್ಧಕ ಬೇಕು. ನ್ಯಾನೋಕಣಗಳ ಪ್ರಶ್ನೆ ಬರುವುದು ಇಲ್ಲಿ.

ಮೂಲಕ್ರಿಯೆ ಸರಳವಾಗಿದೆ. ಟ್ರೈಗ್ಲಿಸರೈಡ್ ಎಂದರೆ ಗ್ಲಿಸರಾಲಿಗೆ ಮೂರು ಕೊಬ್ಬಿನಾಮ್ಲದ ಸರಪಳಿಗಳು ಸೇರಿದ ಅಣು. ಮೆಥನಾಲಿನ ಮೂರು ಅಣುಗಳು ಬಂದು ಆ ಸರಪಳಿಗಳನ್ನು ಒಂದೊಂದಾಗಿ ಬಿಡಿಸಿಕೊಂಡರೆ ಮೂರು ಮೀಥೈಲ್ ಎಸ್ಟರ್‌ಗಳು, ಅಂದರೆ ಬಯೋಡೀಸೆಲ್, ಮತ್ತು ಒಂದು ಗ್ಲಿಸರಾಲ್ ಸಿಗುತ್ತವೆ. 100 ಕಿಲೋ ಎಣ್ಣೆಗೆ ಸುಮಾರು 11 ಕಿಲೋ ಮೆಥನಾಲ್ ಸೇರಿ, 100 ಕಿಲೋದಷ್ಟು ಬಯೋಡೀಸೆಲ್ ಮತ್ತು 10 ಕಿಲೋಗಿಂತ ಸ್ವಲ್ಪ ಹೆಚ್ಚು ಗ್ಲಿಸರಾಲ್ ಬರುತ್ತದೆ. ಎಣ್ಣೆಯ ಸ್ನಿಗ್ಧತೆ ಹತ್ತರಲ್ಲಿ ಒಂದರಷ್ಟಕ್ಕೆ ಇಳಿಯುವುದರಿಂದ ಎಂಜಿನ್ನಿನ ಸೂಜಿಬಾಯಿಯಲ್ಲಿ ಅದು ಸರಿಯಾಗಿ ಚಿಮ್ಮುತ್ತದೆ. ಮೆಥನಾಲ್ 64.7 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವುದರಿಂದ ಸಾಮಾನ್ಯವಾಗಿ 60ರ ಸುಮಾರಿಗೆ ಕ್ರಿಯೆ ನಡೆಸುತ್ತಾರೆ. ಕಾರ್ಖಾನೆಗಳಲ್ಲಿ ಬಳಸುವ ವೇಗವರ್ಧಕ ಕಾಸ್ಟಿಕ್ ಸೋಡಾ ಅಥವಾ ಸೋಡಿಯಂ ಮೆಥಾಕ್ಸೈಡ್. ಅವು ಅಗ್ಗ, ವೇಗ, ಒಂದು ಗಂಟೆಯೊಳಗೆ ಕೆಲಸ ಮುಗಿಸುತ್ತವೆ. ಆದರೆ ಎಣ್ಣೆಯಲ್ಲಿ ಬಿಡಿ ಆಮ್ಲ, ಅಂದರೆ ಗ್ಲಿಸರಾಲಿಗೆ ಸೇರದೆ ಉಳಿದ ಕೊಬ್ಬಿನಾಮ್ಲ, ನೂರಕ್ಕೆ ಒಂದೆರಡನ್ನು ಮೀರಿದರೆ, ಜೊತೆಗೆ ನೀರೂ ಇದ್ದರೆ, ಸಾಬೂನು ಹುಟ್ಟುತ್ತದೆ. ಸಾಬೂನು ಹುಟ್ಟಿದರೆ ಗ್ಲಿಸರಾಲ್ ಬೇರ್ಪಡುವುದಿಲ್ಲ, ಎಸ್ಟರ್ ಅದರೊಡನೆ ಸಿಕ್ಕಿಬೀಳುತ್ತದೆ, ತೊಳೆದಷ್ಟೂ ಕೊಳೆನೀರು. ಒದ್ದೆ ಯೀಸ್ಟನ್ನು ಸ್ವಲ್ಪ ಹೊತ್ತು ಹಾಗೆಯೇ ಇಟ್ಟರೆ ಅದರ ಸ್ವಂತ ಲೈಪೇಸ್‌ಗಳೇ ಎಣ್ಣೆಯನ್ನು ಒಡೆದು ಬಿಡಿ ಆಮ್ಲವನ್ನು ಏರಿಸುತ್ತವೆ. ಹೀಗಾಗಿ ಯೀಸ್ಟಿನ ಎಣ್ಣೆಗೂ ಕಾಸ್ಟಿಕ್ ಸೋಡಾಕ್ಕೂ ಹೊಂದಾಣಿಕೆ ಕಷ್ಟ.

ಕರಗದೆ ಘನವಾಗಿಯೇ ಉಳಿಯುವ ವೇಗವರ್ಧಕವಾದರೆ ಸೋಸಿ ತೆಗೆದು ಮತ್ತೆ ಬಳಸಬಹುದು, ತೊಳೆಯುವ ನೀರು ಉಳಿಯುತ್ತದೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ನಮ್ಮ ಸುಟ್ಟ ಸುಣ್ಣವೇ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್. ಕ್ರಿಯೆ ನಡೆಯುವುದು ಘನದ ಮೇಲ್ಮೈಯಲ್ಲಿ ಮಾತ್ರ ಆದುದರಿಂದ, ಕಲ್ಲುಪ್ಪಿಗಿಂತ ಪುಡಿಯುಪ್ಪು ಬೇಗ ಸಾರಿಗೆ ಹಿಡಿಯುವ ಹಾಗೆ, ಕಣ ಚಿಕ್ಕದಾದಷ್ಟೂ ಕೆಲಸ ಚುರುಕು. 20 ಮೈಕ್ರೋಮೀಟರ್ ದಪ್ಪದ ಗುಂಡುಕಣಗಳಾದರೆ ಒಂದು ಗ್ರಾಂ ಸುಣ್ಣದ ಮೇಲ್ಮೈ ಸುಮಾರು 0.09 ಚದರ ಮೀಟರ್. ಅದನ್ನೇ 20 ನ್ಯಾನೋಮೀಟರ್‌ಗೆ ಇಳಿಸಿದರೆ ಸುಮಾರು 90 ಚದರ ಮೀಟರ್. ರಂಧ್ರಗಳಿಂದ ತುಂಬಿದ ಜಿಯೋಲೈಟ್‌ಗಳಲ್ಲಿ ಮೇಲ್ಮೈ ಇನ್ನೂ ಹೆಚ್ಚಿದೆ, ನಿಜ. ಆದರೆ ಟ್ರೈಗ್ಲಿಸರೈಡ್ ಅಣು ದೊಡ್ಡದು, ಅದು ಆ ಕಿರಿದಾದ ರಂಧ್ರಗಳೊಳಗೆ ನುಗ್ಗಲಾರದು. ನ್ಯಾನೋಕಣದ ಮೇಲ್ಮೈ ಹೊರಗೇ ತೆರೆದಿರುತ್ತದೆ. ನನ್ನ ಪಾಲಿಗೆ ಅದರ ಮೊದಲ ಹೆಚ್ಚುಗಾರಿಕೆ ಇದು.

ತೆರೆದ ಮೇಲ್ಮೈಗೆ ಅದರದೇ ಕಷ್ಟವಿದೆ. ಸುಣ್ಣ ಗಾಳಿಯಿಂದ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರುತ್ತದೆಂದು ಎಲ್ಲರಿಗೂ ಗೊತ್ತು. ನ್ಯಾನೋ ಗಾತ್ರಕ್ಕೆ ಬಂದಾಗ ಕೆಲವು ನಿಮಿಷಗಳ ಸಂಪರ್ಕವೂ ಸಾಕು, ಮೇಲಿನ ಪದರವು ಹೈಡ್ರಾಕ್ಸೈಡ್ ಮತ್ತು ಕಾರ್ಬೊನೇಟ್ ಆಗಿ ಜಡವಾಗುತ್ತದೆ. ಪುಣೆಯ ಜುಲೈ ತಿಂಗಳಿನಲ್ಲಿ, ಕಿಟಕಿಯ ಆಚೆ ದಿನವಿಡೀ ಜಿಟಿಜಿಟಿ ಮಳೆ ಹಿಡಿದಿರುವಾಗ, ಕುಲುಮೆಯಿಂದ ತೆಗೆದ ಪುಡಿಯನ್ನು ತೂಗುವಷ್ಟರಲ್ಲಿಯೇ ತಕ್ಕಡಿಯ ಕೊನೆಯ ಅಂಕಿ ನಿಲ್ಲದೆ ಏರುತ್ತಾ ಹೋಗುತ್ತದೆ. ತೇವವನ್ನು ಹೀರಿಕೊಳ್ಳುತ್ತಿರುವ ಸುಣ್ಣವನ್ನು ಅಂಕಿಗಳಲ್ಲಿ ನೋಡಿದ ಹಾಗೆಯೇ ಅದು. ಮುಂಬೈ, ಗೋವಾಗಳ ಗಾಳಿ ಇನ್ನೂ ತೇವದ್ದು. ನಮ್ಮ ಹವೆಯಲ್ಲಿ ನಡೆಯಬೇಕಾದ ಕಾರ್ಖಾನೆಗೆ ಈ ವಿಷಯ ಸಣ್ಣದಲ್ಲ. ಕುಲುಮೆಯಿಂದ ನೇರವಾಗಿ ಮೆಥನಾಲಿಗೆ ಬೀಳುವಂಥ ವ್ಯವಸ್ಥೆಯನ್ನು ಆರಂಭದಲ್ಲೇ ಯೋಚಿಸಬೇಕಾಗುತ್ತದೆ.

ಸುಣ್ಣದ ಎರಡನೆಯ ಕಷ್ಟ ಅದು ಸ್ವಲ್ಪ ಸ್ವಲ್ಪವಾಗಿ ಕರಗುವುದು. ಗ್ಲಿಸರಾಲಿನೊಡನೆ ಸೇರಿ ಅದು ಕ್ಯಾಲ್ಸಿಯಂ ಗ್ಲಿಸರಾಕ್ಸೈಡ್ ಆಗುತ್ತದೆ. ಆ ಸಂಯುಕ್ತಕ್ಕೂ ವೇಗವರ್ಧಕ ಗುಣವಿದೆ. ಹೀಗೆ ಕರಗಿದ ಭಾಗವೇ ಕೆಲಸ ಮಾಡುತ್ತಿದ್ದರೆ ಘನ ವೇಗವರ್ಧಕವೆಂಬ ಹೆಸರಿಗೆ ಅರ್ಥವಿಲ್ಲ. ಇದನ್ನು ಪತ್ತೆ ಹಚ್ಚಲು ನೇರವಾದ ಪರೀಕ್ಷೆಯೊಂದಿದೆ: ಕ್ರಿಯೆ ಅರ್ಧಕ್ಕೆ ಬಂದಾಗ, ಬಿಸಿಯಾಗಿರುವಾಗಲೇ ಕಣಗಳನ್ನು ಪೂರ್ತಿ ತೆಗೆದುಬಿಟ್ಟು, ಉಳಿದ ದ್ರವವನ್ನು ಅದೇ ಉಷ್ಣತೆಯಲ್ಲಿ ಕಲಕುತ್ತಾ ಇರಬೇಕು. ಪರಿವರ್ತನೆ ಅಲ್ಲಿಗೇ ನಿಂತರೆ ಕೆಲಸ ಕಣದ್ದು, ಮುಂದುವರಿದರೆ ಕರಗಿದ ಸುಣ್ಣದ್ದು. ಈ ಪರೀಕ್ಷೆಯ ಫಲಿತಾಂಶವಿಲ್ಲದ ಪ್ರಬಂಧವನ್ನು ನಾನು ಅರ್ಧವೇ ನಂಬುತ್ತೇನೆ. ಕರಗಿದ ಕ್ಯಾಲ್ಸಿಯಂ ಇಂಧನದಲ್ಲಿ ಉಳಿದರೆ ಎಂಜಿನ್ನಿಗೂ ಒಳ್ಳೆಯದಲ್ಲ. ಯೂರೋಪಿನ ಮಾನಕ ಇಎನ್ 14214ರಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎರಡೂ ಸೇರಿ ಕಿಲೋಗೆ 5 ಮಿಲಿಗ್ರಾಂ ಮೀರಬಾರದು. ಎಸ್ಟರ್ ಪ್ರಮಾಣ ನೂರಕ್ಕೆ 96.5 ಇರಲೇಬೇಕೆಂದು ಆ ಮಾನಕವೂ ನಮ್ಮ ಐಎಸ್ 15607 ಮಾನಕವೂ ಹೇಳುತ್ತವೆ.

ಇನ್ನು ಕಣಗಳನ್ನು ಮರಳಿ ಹಿಡಿಯುವ ಪ್ರಶ್ನೆ. 20 ನ್ಯಾನೋಮೀಟರ್ ಕಣ ತಾನಾಗಿ ತಳಕ್ಕೆ ಇಳಿಯುವುದಿಲ್ಲ. ಪ್ರಯೋಗಾಲಯದ ಸಾಮಾನ್ಯ ಫಿಲ್ಟರ್ ಕಾಗದದ ರಂಧ್ರ 11 ಮೈಕ್ರೋಮೀಟರ್, ಅದರಲ್ಲಿ ಈ ಕಣಗಳು ನೂರಾರು ಏಕಕಾಲಕ್ಕೆ ನುಸುಳಿ ಹೋಗುತ್ತವೆ. ಆದುದರಿಂದಲೇ ಕಬ್ಬಿಣದ ಆಕ್ಸೈಡಾದ ಮ್ಯಾಗ್ನಟೈಟನ್ನು ಒಳತಿರುಳಾಗಿಟ್ಟು, ಅದರ ಮೇಲೆ ಸಿಲಿಕಾದ ತೆಳುಪದರ, ಅದರ ಮೇಲೆ ಕೆಲಸ ಮಾಡುವ ವೇಗವರ್ಧಕ ಎಂಬ ರಚನೆ ಬಂತು. ಎರಡು ಬಗೆಯ ಕಬ್ಬಿಣದ ಲವಣಗಳನ್ನು ಒಂದಕ್ಕೆರಡರ ಪ್ರಮಾಣದಲ್ಲಿ ಬೆರೆಸಿ ಅಮೋನಿಯಾ ಹನಿಸಿದರೆ ಕಣ್ಣೆದುರಿಗೇ ಕಪ್ಪು ಕಣಗಳು ಹುಟ್ಟುತ್ತವೆ. ಇಷ್ಟು ಚಿಕ್ಕ ಮ್ಯಾಗ್ನಟೈಟ್ ಅಯಸ್ಕಾಂತದ ಹತ್ತಿರವಿರುವಾಗ ಬಲವಾಗಿ ಸೆಳೆಯಲ್ಪಡುತ್ತದೆ, ಅದನ್ನು ದೂರ ಮಾಡಿದಾಗ ತನ್ನ ಕಾಂತಗುಣವನ್ನು ಉಳಿಸಿಕೊಳ್ಳುವುದಿಲ್ಲ. ಆದುದರಿಂದ ಕಣಗಳು ಒಂದಕ್ಕೊಂದು ಅಂಟಿ ಗಂಟಾಗದೆ ಮತ್ತೆ ದ್ರವದಲ್ಲಿ ಹರಡಿಕೊಳ್ಳುತ್ತವೆ.

ಕ್ರಿಯೆ ಮುಗಿದ ಫ್ಲಾಸ್ಕಿನಲ್ಲಿ ದ್ರವವೆಲ್ಲ ಕಪ್ಪುಕಂದಾಗಿ ಮಸುಕಾಗಿರುತ್ತದೆ. ಹೆಬ್ಬೆರಳಿನಷ್ಟು ನಿಯೋಡಿಮಿಯಂ ಅಯಸ್ಕಾಂತವನ್ನು ಗಾಜಿನ ಹೊರಗೆ ಒತ್ತಿ ಹಿಡಿದರೆ ಆ ಮಸುಕು ಮೊದಲು ಹೊಗೆಯಂತೆ ಆ ಬದಿಗೆ ಸರಿಯುತ್ತದೆ, ನಂತರ ಗಾಜಿಗೆ ಅಂಟಿದ ಕಪ್ಪು ತೇಪೆಯಾಗಿ ಮೊನೆಮೊನೆಯಾಗಿ ಏಳುತ್ತದೆ, ಉಳಿದ ದ್ರವ ತಿಳಿಯಾಗಿ ಯೀಸ್ಟಿನ ಕಿತ್ತಳೆ ಬಣ್ಣ ಹೊರಗೆ ಬರುತ್ತದೆ. ಅಯಸ್ಕಾಂತವನ್ನು ಬಿಡದೆ ಹಾಗೆಯೇ ದ್ರವವನ್ನು ಬಗ್ಗಿಸಿಕೊಳ್ಳಬಹುದು. ತೇಪೆಯನ್ನು ಮುಟ್ಟಿದರೆ ಜಿಗುಟು. ಅದು ಕಣಗಳಿಗೆ ಮೆತ್ತಿದ ಗ್ಲಿಸರಾಲ್. ಮೆಥನಾಲಿನಿಂದಲೂ ಹೆಕ್ಸೇನಿನಿಂದಲೂ ತೊಳೆಯದೆ ಮುಂದಿನ ಬಳಕೆಗೆ ಹಾಕಿದರೆ ಎಣ್ಣೆ ಮೇಲ್ಮೈಯನ್ನು ತಲುಪುವುದೇ ಇಲ್ಲ.

ಈ ರಚನೆಯಲ್ಲಿ ಒಂದು ಒಳಜಗಳವಿದೆ. ಸುಣ್ಣವನ್ನು ಚೈತನ್ಯಗೊಳಿಸಲು ಬಿಸಿ ಬೇಕು: ಹೈಡ್ರಾಕ್ಸೈಡ್ ಆಗಿದ್ದರೆ 500 ಡಿಗ್ರಿಯ ಸುಮಾರು, ಕಾರ್ಬೊನೇಟ್ ಆಗಿದ್ದರೆ 700ರಿಂದ 900. ಅಷ್ಟು ಬಿಸಿಯಲ್ಲಿ ಗಾಳಿ ತಾಕಿದರೆ ಮ್ಯಾಗ್ನಟೈಟ್ ಕೆಂಪು ಹೆಮಟೈಟ್ ಆಗಿ, ಅಯಸ್ಕಾಂತಕ್ಕೆ ಹೆಚ್ಚು ಕಡಿಮೆ ಕಿವುಡಾಗುತ್ತದೆ. ನೈಟ್ರೋಜನ್ ಹರಿಸಿ ಕಾಯಿಸಬೇಕು ಅಥವಾ ಸುಣ್ಣದ ಆಸೆ ಬಿಡಬೇಕು. ಯೀಸ್ಟಿನ ಎಣ್ಣೆಯ ಮಟ್ಟಿಗೆ ನಾನು ಎರಡನೆಯ ದಾರಿಯ ಪಕ್ಷದವನು. ಕಾಂತದ ತಿರುಳಿನ ಮೇಲೆ ಸಲ್ಫೋನಿಕ್ ಆಮ್ಲದ ಗುಂಪುಗಳನ್ನು ಕೂರಿಸಿದ ಆಮ್ಲೀಯ ಕಣಗಳು ನಿಧಾನ, ಹೆಚ್ಚು ಉಷ್ಣತೆ ಕೇಳುತ್ತವೆ, ಹೆಚ್ಚು ಮೆಥನಾಲನ್ನೂ ಕೇಳುತ್ತವೆ. ಆದರೆ ಬಿಡಿ ಆಮ್ಲವನ್ನು ಅವು ಸಾಬೂನಾಗಿಸುವುದಿಲ್ಲ, ಅದನ್ನೂ ಎಸ್ಟರ್ ಮಾಡಿ ಇಂಧನದ ಲೆಕ್ಕಕ್ಕೆ ಸೇರಿಸುತ್ತವೆ. ಹುಳಿ ಹೆಚ್ಚಿರುವ ಎಣ್ಣೆಗೆ ನಿಧಾನವೇ ಲಾಭ. ಲೈಪೇಸ್ ಕಿಣ್ವವನ್ನೇ ಕಾಂತಕಣಗಳಿಗೆ ಕಟ್ಟುವ ಇನ್ನೊಂದು ಮಾರ್ಗವೂ ಇದೆ. ಅದಕ್ಕೆ ನೀರಿನ ಭಯವಿಲ್ಲ, ಮೆಥನಾಲಿನ ಭಯವಿದೆ. ಹಂತಹಂತವಾಗಿ ಹನಿಸಬೇಕು, ಬೆಲೆಯೂ ದುಬಾರಿ.

ಒಣಗಿಸದೆ, ಎಣ್ಣೆಯನ್ನೂ ಬೇರೆ ತೆಗೆಯದೆ, ಒದ್ದೆ ಯೀಸ್ಟಿಗೇ ಮೆಥನಾಲ್ ಮತ್ತು ನ್ಯಾನೋಕಣಗಳನ್ನು ಹಾಕಿ ಒಂದೇ ಪಾತ್ರೆಯಲ್ಲಿ ಮುಗಿಸಿಬಿಡಬಹುದಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಕಣ ನ್ಯಾನೋ ಆದುದರಿಂದ ಕೋಶದೊಳಗೆ ಹೊಕ್ಕು ಕೆಲಸ ಮಾಡುತ್ತದೆಂದು ಬರೆದದ್ದನ್ನೂ ಓದಿದ್ದೇನೆ. ಅಳತೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಯೀಸ್ಟ್ ಕೋಶ ಕೆಲವು ಮೈಕ್ರೋಮೀಟರ್ ಅಗಲದ್ದು, ಆದರೆ ಗ್ಲೂಕನ್, ಮ್ಯಾನನ್, ಕೈಟಿನ್‌ಗಳಿಂದ ಹೆಣೆದ ಅದರ ಗೋಡೆಯ ಸಂದುಗಳು ಕೆಲವೇ ನ್ಯಾನೋಮೀಟರಿನವು. 20 ನ್ಯಾನೋಮೀಟರ್ ಕಣಕ್ಕೆ ಆ ಸಂದು ಇಕ್ಕಟ್ಟು. ಕರಗಿರುವ ಗಂಧಕಾಮ್ಲ ಒಳಗೆ ಹೋಗುತ್ತದೆ, ಘನ ಕಣ ಹೋಗಲಾರದು. ಎಣ್ಣೆಯೇ ಹೊರಗೆ ಬಂದು ಕಣವನ್ನು ಕಾಣಬೇಕು. ಆದುದರಿಂದ ಮೊದಲು ಗೋಡೆ ಒಡೆಯುವ ಕೆಲಸ ತಪ್ಪದು. ಗಾಜಿನ ಮಣಿಗಳ ಗಿರಣಿಯೋ, ಶ್ರವಣಾತೀತ ಅಲೆಗಳೋ, ಬಿಸಿಯಾದ ದುರ್ಬಲ ಆಮ್ಲವೋ, ಯಾವುದಾದರೂ ಒಂದನ್ನು ಆರಿಸಿ ಅದರ ಶಕ್ತಿಯ ಖರ್ಚನ್ನೂ ಲೆಕ್ಕಕ್ಕೆ ಬರೆಯಬೇಕು.

ಈಗ ಐದನೆಯ ಬಳಕೆಗೆ ಬರುತ್ತೇನೆ. ಮರುಬಳಕೆಯ ಪಟ್ಟಿಗಳಲ್ಲಿ ಪರಿವರ್ತನೆ ಮೊದಲ ಸಲ ನೂರಕ್ಕೆ 97, ಐದನೆಯ ಸಲ 93 ಎಂದು ಕಂಡಾಗ ವೇಗವರ್ಧಕ ಗಟ್ಟಿಯಾಗಿದೆಯೆಂದು ತೀರ್ಮಾನಿಸುವುದು ಸುಲಭ. ಆದರೆ ಒಂದು ಗಂಟೆಯಲ್ಲಿ ಮುಗಿಯುವ ಕ್ರಿಯೆಯನ್ನು ಮೂರು ಗಂಟೆ ನಡೆಸಿದ್ದರೆ, ಕಣದ ಶಕ್ತಿ ಅರ್ಧಕ್ಕೆ ಇಳಿದಿದ್ದರೂ ಮೂರು ಗಂಟೆಯ ಕೊನೆಯಲ್ಲಿ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಮೊದಲ ಹದಿನೈದು ನಿಮಿಷಗಳ ವೇಗವನ್ನು ಪ್ರತಿ ಬಳಕೆಯಲ್ಲೂ ಅಳೆದರೆ ಮಾತ್ರ ಸತ್ಯ ತಿಳಿಯುತ್ತದೆ. ಜೊತೆಗೆ ತೂಕದ ಲೆಕ್ಕ ಬೇಕು. ತೊಳೆಯುವಾಗ, ಬಗ್ಗಿಸುವಾಗ ಪ್ರತಿ ಸಲ ನೂರಕ್ಕೆ 5ರಷ್ಟು ಕಣಗಳು ಕಳೆದರೂ ಹತ್ತು ಸಲ ಮುಗಿಯುವಷ್ಟರಲ್ಲಿ ಸುಮಾರು 60ರಷ್ಟು ಮಾತ್ರ ಉಳಿಯುತ್ತದೆ. ಕಳೆದದ್ದು ಇಂಧನದಲ್ಲಿಯೋ ಗ್ಲಿಸರಾಲಿನಲ್ಲಿಯೋ ಇದ್ದೇ ಇರುತ್ತದೆ. ಯೀಸ್ಟಿನ ಎಣ್ಣೆಯಲ್ಲಿ ಫಾಸ್ಫೋಲಿಪಿಡ್‌ಗಳೂ ಬಣ್ಣಗಳೂ ಇರುವುದರಿಂದ ಅವು ಮೇಲ್ಮೈಗೆ ಅಂಟಿ ಸ್ಥಾನಗಳನ್ನು ಮುಚ್ಚುತ್ತವೆ. ಅಂಗಡಿಯ ಸೂರ್ಯಕಾಂತಿ ಎಣ್ಣೆಯ ಮೇಲೆ ಪರೀಕ್ಷಿಸಿ ಯೀಸ್ಟಿಗೂ ಒಪ್ಪುತ್ತದೆಂದು ಬರೆಯುವುದು ಹೀಗಾಗಿ ಸಲ್ಲದು.

ಘನ ಕಣಗಳಿಂದ ಸಿಗುವ ಇನ್ನೊಂದು ಲಾಭವನ್ನು ಹೇಳಲೇಬೇಕು, ಅದು ಗ್ಲಿಸರಾಲಿನದು. ಕಾಸ್ಟಿಕ್ ಸೋಡಾದ ವಿಧಾನದಲ್ಲಿ ಬರುವ ಕಚ್ಚಾ ಗ್ಲಿಸರಾಲ್ ತುಂಬ ಸಾಬೂನು ಮತ್ತು ಸೋಡಿಯಂ ಲವಣಗಳು. ಕರಗದ ಕಣಗಳಿಂದ ಬಂದದ್ದರಲ್ಲಿ ಉಳಿಯುವ ಮುಖ್ಯ ಕಲ್ಮಶ ಮೆಥನಾಲ್. ಅದನ್ನು ಕುದಿಸಿ ಮರಳಿ ಪಡೆಯಬಹುದು. ಯಾರೋವಿಯಾಕ್ಕೆ ಗ್ಲಿಸರಾಲ್ ಬಹಳ ಒಗ್ಗುವ ಆಹಾರ. ಬಯೋಡೀಸೆಲ್ಲಿನ ಉಪಉತ್ಪನ್ನವನ್ನೇ ಯೀಸ್ಟಿಗೆ ಉಣಿಸಿ ಚಕ್ರವನ್ನು ಪೂರ್ತಿ ಮಾಡಬಹುದೆಂಬ ಉತ್ಸಾಹದ ಮಾತುಗಳನ್ನು ಕೇಳಿದ್ದೇನೆ, ಲೆಕ್ಕ ಅಷ್ಟು ದೂರ ಬರುವುದಿಲ್ಲ. 100 ಕಿಲೋ ಎಣ್ಣೆಗೆ 10 ಕಿಲೋ ಗ್ಲಿಸರಾಲ್. ಅದರಿಂದ ಅದೇ 0.2ರ ಪ್ರಮಾಣದಲ್ಲಿ ಬರುವ ಹೊಸ ಎಣ್ಣೆ 2 ಕಿಲೋ. ದೊಡ್ಡ ತೊಟ್ಟಿಯ ಊಟಕ್ಕೆ ಕಬ್ಬಿನ ಸಿಪ್ಪೆಯೋ ಅದರಂಥ ಬೇರೆ ತ್ಯಾಜ್ಯವೋ ಬೇಕೇ ಬೇಕು. ಆದರೆ ದೊಡ್ಡ ತೊಟ್ಟಿಗೆ ಹಾಕುವ ಮೊದಲು ಚಿಕ್ಕ ಪಾತ್ರೆಗಳಲ್ಲಿ ಬೀಜದ ಯೀಸ್ಟನ್ನು ಬೆಳೆಸಿಕೊಳ್ಳುವ ಹಂತವೊಂದಿದೆಯಲ್ಲ, ಫರ್ಫ್ಯೂರಲ್ ಇಲ್ಲದ ಶುದ್ಧ ಆಹಾರ ಅಲ್ಲಿ ಮುಖ್ಯ. ಆ ಹಂತಕ್ಕೆ ಈ ಗ್ಲಿಸರಾಲ್ ಒದಗುತ್ತದೆ, ಕೊಂಡು ತರುವ ಗ್ಲೂಕೋಸಿನ ಖರ್ಚನ್ನು ಅಷ್ಟರ ಮಟ್ಟಿಗೆ ಉಳಿಸುತ್ತದೆ.